ಅಮ್ಮನಿಗೆ ಕೊಡಬೇಕಾದ ಹಾಳೆ

ಜೂನ್ 9

ಅಪ್ಪ,

ನಾನು ಕ್ಷೇಮ, ನೀವು ಕ್ಷೇಮವೇ ಎಂದು ಶುರು ಮಾಡುವುದಿಲ್ಲ. ಅಷ್ಟು ಜಾಗದಲ್ಲಿ ಬೇರೆ ಏನಾದರೂ ಬರೆಯಬಹುದು. ಮೊದಲು ಹೇಳಿದ್ದ ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ, ಅದಕ್ಕೇ ವಿಳಾಸ ತಿಳಿಸುವುದು ತಡವಾಯಿತು. ಈಗ ಒಬ್ಬ ನರ್ಸಮ್ಮನ ಮನೆಯ ಮಹಡಿಯ ಮೇಲೆ ಒಂದು ಕೋಣೆ. ಕಿಟಕಿ ತೆಗೆದರೆ ಕೈಗೆಟಕುವಷ್ಟು ಹತ್ತಿರ ಎದುರು ಮನೆಯ ಕಿಟಕಿ. ಅವರು ಮುಚ್ಚಿದಾಗ ನಾನು ತೆಗೆಯುತ್ತೇನೆ, ನಾನು ಮುಚ್ಚಿದಾಗ ಅವರು. ಫೋನು ಇಲ್ಲ. ರಂಗಶಾಲೆಯ ಆಫೀಸಿನಲ್ಲಿ ಒಂದಿದೆ, ಅದಕ್ಕೆ ಬೀಗ ಹಾಕಿದ್ದಾರೆ.

ರಂಗಶಾಲೆ ಎಂದರೆ ಪರದೆ, ದೀಪ ಅಂತೆಲ್ಲ ಅಂದುಕೊಳ್ಳಬೇಡಿ. ಮೊದಲು ಕಾಗದದ ಗೋದಾಮಾಗಿತ್ತಂತೆ. ಮೂಲೆಯಲ್ಲಿ ಇನ್ನೂ ಕೆಲವು ಬಂಡಲುಗಳಿವೆ, ಅವೇ ನಮ್ಮ ಬೆಟ್ಟ, ಬಸ್ಸು, ಸಿಂಹಾಸನ. ಏಳರಿಂದ ಹತ್ತು ವರ್ಷದ ಮಕ್ಕಳು. ನಡೆಸುವವರನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಾರೆ. ನನ್ನ ಭುಜದವರೆಗೂ ಬರುವುದಿಲ್ಲ. ನಾನು ಚಿಕ್ಕ ಟೀಚರ್. ನಾನೂ ಕಲಿಯಲು ಬಂದವಳು ಎನ್ನುವುದು ಮಕ್ಕಳಿಗೆ ಗೊತ್ತಾಗಬಾರದು ಎಂದರು. ಮೊದಲ ದಿನವೇ ಒಬ್ಬ ಬಂದು "ಟೀಚರ್, ನೀವು ಟ್ರೈನಿಂಗಾ?" ಎಂದು ಕೇಳಿದ.

ಇಲ್ಲಿ ಎರಡು ಕಟ್ಟುಪಾಡು. ಒಂದು, ಮಗುವಿನ ಮಾತನ್ನು ನಾಲ್ಕು ಜನರ ಮುಂದೆ ತಿದ್ದಬಾರದು. ಇದನ್ನು ಕೇಳಿದಾಗ ನಿಮ್ಮ ನೆನಪಾಯಿತು, ಸಿಟ್ಟಾಗಬೇಡಿ. ಅಮ್ಮನ ಟೈಪಿಂಗ್ ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳು ಮಾತಾಡುತ್ತಿರುವಾಗ ಮುಂದಿನ ಸಾಲಿನಿಂದ ಎದ್ದು ನಿಂತು ತಿದ್ದಿದ ಮಹಾನುಭಾವರು ನೀವು. ಅವತ್ತು ನೀವಿಬ್ಬರೂ ಬಿಟ್ಟ ಮಾತು ಇನ್ನೂ ಶುರುವಾಗಿಲ್ಲ. ಎರಡನೆಯದನ್ನು ಇವರು 'ಕಳಚುವುದು' ಎನ್ನುತ್ತಾರೆ. ತರಗತಿ ಮುಗಿದ ಮೇಲೆ ಪ್ರತಿ ಮಗುವೂ ಬಾಗಿಲ ಬಳಿ ನಿಂತು, ಚಪ್ಪಲಿ ಹಾಕುವ ಮೊದಲು, ಅವತ್ತಿನ ತನ್ನ ಪಾತ್ರದ ಹೆಸರು ಹಿಡಿದು, "ನಾನು ನರಿ ಅಲ್ಲ, ನಾನು ನಾನೇ" ಎಂದು ಗಟ್ಟಿಯಾಗಿ ಹೇಳಬೇಕು. ಹೇಳದೆ ಯಾರೂ ಮನೆಗೆ ಹೋಗುವಂತಿಲ್ಲ. ಮೊದಲು ನನಗೆ ನಗು ಬಂತು.

ನಾನಿಲ್ಲದೆ ಮನೆ ಹೇಗೆ ನಡೆಯುತ್ತಿದೆ? ಆರು ವರ್ಷದಿಂದ ನಿಮ್ಮಿಬ್ಬರ ಮಾತು ನನ್ನ ಬಾಯಿಂದಲೇ ಆಗುತ್ತಿತ್ತು. "ನಿಮ್ಮಪ್ಪನಿಗೆ ಹೇಳು, ಊಟ ಆರ್ತಾ ಇದೆ." "ನಿಮ್ಮಮ್ಮನಿಗೆ ಹೇಳು, ಕೇಳಿಸ್ತು ಅಂತ." ಮೂವರೂ ಒಂದೇ ಮೇಜಿನ ಸುತ್ತ ಕೂತಿರುತ್ತಿದ್ದೆವು.

ನಾನು ಹೊರಟ ದಿನ ಅಮ್ಮ ಬಸ್ಸಿನವರೆಗೂ ಬಂದಳು, ಆದರೆ ತುಟಿ ಬಿಚ್ಚಲಿಲ್ಲ. ನಾನು ಬಿಟ್ಟು ಬಂದದ್ದಕ್ಕೆ ಅವಳಿಗೆ ಸಿಟ್ಟಿರಬೇಕು. ಅದೊಂದು ಮನಸ್ಸಿನಲ್ಲಿ ಕೊರೆಯುತ್ತಿದೆ. ಇದರೊಳಗೆ ಅವಳಿಗೆ ಬೇರೆ ಹಾಳೆ ಇದೆ, ನಾಲ್ಕಾಗಿ ಮಡಿಸಿದ್ದೇನೆ. ಕೊಡಿ. ಕವರಿನ ಮೇಲೆ ಇಬ್ಬರ ಹೆಸರೂ ಬರೆದಿದ್ದೇನೆ. ಇಬ್ಬರಿಗೂ ಬೇರೆ ಬೇರೆ ಸ್ಟಾಂಪು ಹಚ್ಚುವಷ್ಟು ಸಿರಿವಂತಳಲ್ಲ. ಒಂದು ಸಾಲಾದರೂ ಬರೆಯಲು ಹೇಳಿ. ಹೇಗೆ ಹೇಳುತ್ತೀರೋ ನಿಮಗೆ ಬಿಟ್ಟದ್ದು.

ಮಗಳು

*

ಜೂನ್ 20

ಪುಟ್ಟಿ,

ಪತ್ರ ಸಿಕ್ಕಿತು. ನಿನ್ನ ಅಕ್ಷರ ಇನ್ನೂ ಇರುವೆ ಸಾಲಿನ ಹಾಗೆಯೇ ಇದೆ. ಎಲ್ಲರೂ ಹೀಗೆ ಬರೆದರೆ ನನ್ನ ಕನ್ನಡಕದ ಅಂಗಡಿಗೆ ಒಳ್ಳೆಯದೇ, ಆದರೂ ಸ್ವಲ್ಪ ದೊಡ್ಡದಾಗಿ ಬರೆ.

ನಿಮ್ಮ ಮೊದಲನೆಯ ಕಟ್ಟುಪಾಡು ನನಗೆ ಒಪ್ಪಿಗೆಯಿಲ್ಲ. ಗಿರಾಕಿ ಬೋರ್ಡಿನ ಮೇಲಿನ ಅಕ್ಷರವನ್ನು ತಪ್ಪು ಓದಿದರೆ ನಾನು ಹೌದು ಹೌದು ಎಂದು ತಲೆಯಾಡಿಸಲೇ? ಹಾಗೆ ಮಾಡಿದರೆ ಅವನು ತಪ್ಪು ಲೆನ್ಸು ಹಾಕಿಕೊಂಡು ಮೆಟ್ಟಿಲಿಂದ ಬೀಳುತ್ತಾನೆ. ಅವತ್ತು ನಿನ್ನ ಅಮ್ಮ ಹೇಳಿದ ಇಸವಿ ತಪ್ಪಿತ್ತು. ಇಂದಿಗೂ ತಪ್ಪೇ.

ಅವಳ ಹಾಳೆಯನ್ನು ಅವಳ ಮೇಜಿನ ಮೇಲೆ ಇಟ್ಟಿದ್ದೇನೆ. ಬಿಚ್ಚಿಲ್ಲ. ಅವಳು ಆರೋಗ್ಯವಾಗಿದ್ದಾಳೆ ಎಂದು ಪಕ್ಕದ ಟೈಲರ್ ಹೇಳಿದ. ಅವಳ ಸುದ್ದಿ ಈಗ ಅವನ ಮೂಲಕ ಬರುತ್ತದೆ.

ಅಂಗಡಿ ಪರವಾಗಿಲ್ಲ. ಒಂದು ಲೋಟ ಅಕ್ಕಿಗೆ ಎಷ್ಟು ನೀರು ಇಡುತ್ತಾರೆ? ಸುಮ್ಮನೆ ಕೇಳಿದೆ.

ಅಪ್ಪ

*

ಜುಲೈ 4

ಅಪ್ಪ,

ನಾನು ಈ ಕಡೆ ಬಂದದ್ದೇ ತಡ, ನನ್ನ ಕೆಲಸ ಟೈಲರ್ ಪಾಲಾಯಿತೇ? ಅವನಾದರೆ ಎರಡೂ ಕಡೆಯ ಅಳತೆ ತೆಗೆದುಕೊಂಡು ಹೊಲಿಯುತ್ತಾನೆ, ಬಿಡಿ. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು. ಅಮ್ಮನ ಅಡುಗೆಯಲ್ಲೂ ತಪ್ಪು ಹುಡುಕಲು ಹೊರಟಿದ್ದೀರಾ? ದಯವಿಟ್ಟು ಬೇಡ.

ಇಲ್ಲಿ ಒಂದು ಎಡವಟ್ಟಾಗಿದೆ. ಮೊದಲಿನಿಂದ ಹೇಳುತ್ತೇನೆ.

ಮಕ್ಕಳೇ ಒಂದು ನಾಟಕ ಕಟ್ಟಿದ್ದಾರೆ. ಮನೆಯ ಸಾಮಾನುಗಳೆಲ್ಲ ಕೋರ್ಟಿಗೆ ಬಂದು ಮನೆಯವರ ಮೇಲೆ ದೂರು ಕೊಡುತ್ತವೆ. ಕೊಡೆ ಹೇಳುತ್ತದೆ, "ಮಳೆ ನಿಂತ್ರೆ ಸಾಕು, ನನ್ನ ಬಸ್ಸಲ್ಲೇ ಬಿಟ್ಟು ಹೋಗ್ತಾರೆ." ಬಕೆಟ್ಟಿನ ದೂರು ಇಲ್ಲಿ ಬರೆಯುವಂಥದ್ದಲ್ಲ. ಜಡ್ಜ್ ಆದವಳು ಎಂಟು ವರ್ಷದ ಒಬ್ಬ ಹುಡುಗಿ, ಎಲ್ಲರಿಗಿಂತ ಪುಟ್ಟದಾಗಿರುವುದರಿಂದ ಬಟಾಣಿ ಎಂದು ಕರೆಯುತ್ತೇವೆ. ಕಾಗದದ ಬಂಡಲಿನ ಮೇಲೆ ಕೂರಿಸಿ ದೊಡ್ಡ ಟೀಚರ್ ಅವರ ಕಪ್ಪು ಶಾಲು ಹೊದಿಸಿದರೆ ಮೂಗು ಮಾತ್ರ ಕಾಣುತ್ತದೆ. ಆದರೆ ಅವಳು "ಮುಂದೆ!" ಎಂದರೆ ನಾನೂ ನೆಟ್ಟಗೆ ನಿಲ್ಲುತ್ತೇನೆ.

ಕಳೆದ ಶುಕ್ರವಾರ ತರಗತಿಯ ಕೊನೆಗೆ ವೈರಿಂಗ್ ರಿಪೇರಿಗೆ ಎಲೆಕ್ಟ್ರಿಷಿಯನ್ ಬಂದ. "ಮೇನ್ ಆಫ್ ಮಾಡ್ಬೇಕು, ಬೇಗ ಖಾಲಿ ಮಾಡಿ" ಎಂದ. ದೊಡ್ಡ ಟೀಚರ್ ಇರಲಿಲ್ಲ. ಕತ್ತಲಲ್ಲಿ ಮಕ್ಕಳು ಬಿದ್ದಾರೆಂದು ನಾನು ಎಲ್ಲರನ್ನೂ ಹಾಗೇ ಹೊರಗೆ ಕಳಿಸಿದೆ. ಯಾರೂ ಕಳಚಲಿಲ್ಲ. ಒಂದು ದಿನ ಬಿಟ್ಟರೆ ಏನು ಮಹಾ ಎಂದುಕೊಂಡೆ.

ಬಟಾಣಿ ಮನೆಗೆ ಹೋಗಿ ಎರಡು ಕುರ್ಚಿ ಹಾಕಿದಳಂತೆ. ಅಪ್ಪ ಅಮ್ಮನನ್ನು ಕೂರಿಸಿ, ತಾನು ಸೋಫಾದ ಕೈಮೇಲೆ ಕೂತು, "ಒಬ್ಬೊಬ್ಬರಾಗಿ ಹೇಳಬೇಕು. ಮಧ್ಯೆ ಬಾಯಿ ಹಾಕಿದ್ರೆ ಹೊರಗೆ ಕಳಿಸ್ತೀನಿ" ಎಂದಳಂತೆ. ಅವರು ನಕ್ಕು ಕೂತರು. ಮೊದಲ ಪ್ರಶ್ನೆ: "ಅಪ್ಪ ಯಾಕೆ ಹೊರಗಿನ ಹಾಲ್‌ನಲ್ಲಿ ಮಲಗೋದು?" ಸೊಂಟ ನೋವು ಎಂದರು ಅಪ್ಪ. "ಸುಳ್ಳು. ಮುಂದೆ!" ಅಮ್ಮನ ಸರದಿ ಬಂದಾಗ ಅವರಿಗೆ ಸುಳ್ಳು ಹೇಳಲು ಆಗಲಿಲ್ಲ. ಅವರಿಬ್ಬರೂ ಬೇರೆಯಾಗುತ್ತಿದ್ದಾರೆ, ಅಪ್ಪ ಬೇರೆ ಮನೆ ನೋಡಿದ್ದಾರೆ. ಒಳ್ಳೆಯ ಹೊತ್ತು ನೋಡಿ ಮಗುವಿಗೆ ಹೇಳೋಣ ಎಂದುಕೊಂಡಿದ್ದರಂತೆ.

ಸೋಮವಾರ ಆ ತಾಯಿ ಬಂದು ಬಾಗಿಲಲ್ಲೇ ನಿಂತು "ಇವಳನ್ನ ಜಡ್ಜ್ ಮಾಡಿದ್ದು ಯಾರ್ರೀ?" ಎಂದು ಕೇಳಿದರು. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ. ಅವರು ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಲೋಟ ನೀರು ಕೇಳಿದರು.

ಅಮ್ಮ ಒಂದು ಸಾಲೂ ಬರೆದಿಲ್ಲ. ಇನ್ನೊಂದು ಹಾಳೆ ಇಟ್ಟಿದ್ದೇನೆ.

ಮಗಳು

*

ಜುಲೈ 15

ಪುಟ್ಟಿ,

ಆ ಹುಡುಗಿ ಚೂಟಿಯಾಗಿದ್ದಾಳೆ. ಆದರೆ ಅವಳ ತಾಯಿ ಹೇಳಬಾರದಿತ್ತು. ಹೊತ್ತು ಗೊತ್ತು ಎಂದು ಒಂದಿರುತ್ತದೆ. ಮಗು ಆಟದಲ್ಲಿ ಕೇಳಿದರೆ ಆಟದಲ್ಲೇ ಏನೋ ಒಂದು ಹೇಳಿ ಮುಗಿಸಬಹುದಿತ್ತು. ಆ ಗಂಡಸು ಸೊಂಟ ನೋವು ಎಂದದ್ದರಲ್ಲಿ ನನಗೆ ತಪ್ಪು ಕಾಣಿಸುವುದಿಲ್ಲ. ದೊಡ್ಡವರು ಕೆಲವನ್ನು ತಡೆದು ಹೇಳುವುದು ಮಗುವಿನ ಒಳ್ಳೆಯದಕ್ಕೇ.

ಹೊಸ ಫ್ರೇಮುಗಳು ಬಂದಿವೆ. ಹಗುರವಾಗಿವೆ, ಆದರೆ ಸ್ಕ್ರೂ ಎಷ್ಟು ಸಣ್ಣದೆಂದರೆ ಬಿದ್ದರೆ ಪೊರಕೆಗೇ ಸಿಗಬೇಕು.

ಎರಡನೆಯ ಹಾಳೆಯನ್ನು ಮೊದಲನೆಯದರ ಮೇಲೆ ಇಟ್ಟಿದ್ದೇನೆ. ನಿನ್ನ ಅಮ್ಮನಿಗೆ ಕೆಲಸ ಜಾಸ್ತಿಯಂತೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾನು ರಾತ್ರಿ ಬ್ರೆಡ್ಡು ಹಾಲು ತೆಗೆದುಕೊಳ್ಳುತ್ತಿದ್ದೇನೆ, ಹೊಟ್ಟೆಗೆ ಹಗುರ.

ಅಪ್ಪ

*

ಜುಲೈ 28

ಅಪ್ಪ,

ಮೊದಲನೆಯದರ ಮೇಲೆ ಎರಡನೆಯದು. ಅಂದರೆ ಅಮ್ಮ ಮೊದಲನೆಯದನ್ನು ಮುಟ್ಟಿಯೂ ಇಲ್ಲ. ತಿಳಿಯಿತು. ಸಿಟ್ಟು ಇಷ್ಟಿದೆ ಎಂದು ಗೊತ್ತಿರಲಿಲ್ಲ. ಮೂರನೆಯ ಹಾಳೆ ಇದೆ, ಅದನ್ನೂ ಪೇರಿಸಿ.

ಬಟಾಣಿ ಜಡ್ಜ್ ಆಗಿಯೇ ಉಳಿದಿದ್ದಾಳೆ. ತರಗತಿ ಮುಗಿದ ಮೇಲೆ ಬಾಗಿಲ ಬಳಿ ಕೊಡೆ, ಬಕೆಟ್ಟು, ಪೊರಕೆ ಎಲ್ಲರೂ ಕಳಚಿ ಚಪ್ಪಲಿ ಹಾಕಿಕೊಂಡು ಓಡುತ್ತಾರೆ. ಇವಳು ಶಾಲು ಬಿಗಿದುಕೊಂಡು "ನಾನು ಜಡ್ಜ್. ನಾನು ಜಡ್ಜೇ" ಎಂದು ಹೇಳಿ ಇಳಿದು ಹೋಗುತ್ತಾಳೆ. ಶಾಲೆಯಲ್ಲಿ ಲೆಕ್ಕದ ಟೀಚರ್ ಏನೋ ಕೇಳಿದ್ದಕ್ಕೆ "ಈ ಪ್ರಶ್ನೆಗೆ ಕೋರ್ಟು ಉತ್ತರ ಕೊಡಲ್ಲ" ಎಂದಳಂತೆ. ಮೊದಲು ಎಲ್ಲರೂ ನಕ್ಕರು. ಈಗ ಅವಳು ರಾತ್ರಿ ಶಾಲು ಹೊದ್ದೇ ಮಲಗುತ್ತಾಳೆ, ಸ್ನಾನಕ್ಕೂ ಬಿಚ್ಚಲು ಅಳುತ್ತಾಳೆ. ಯಾರೂ ನಗುತ್ತಿಲ್ಲ.

ದೊಡ್ಡ ಟೀಚರ್ ನನ್ನನ್ನು ಆಫೀಸಿಗೆ ಕರೆದರು. ಬೈಯಲಿಲ್ಲ. ಟೇಬಲ್ಲಿನ ಮೇಲಿನ ಬಣ್ಣದ ಡಬ್ಬಿಗಳ ಮುಚ್ಚಳ ಒಂದೊಂದಾಗಿ ಗಟ್ಟಿ ಮಾಡುತ್ತಾ ಹೇಳಿದರು: "ನಿನ್ನ ಕೈಯಲ್ಲಿ ಉಳಿದುಹೋದ ಪಾತ್ರ, ನೀನೇ ಕಳಚಿಸ್ಬೇಕು. ನಾನು ಕೈ ಹಾಕಲ್ಲ. ಬಲವಂತ ಮಾಡಿದ್ರೆ ಮಗು ಬಾಯಿ ಮುಚ್ಚುತ್ತೆ, ಕಳಚಲ್ಲ. ಆಗ್ಲಿಲ್ಲ ಅಂದ್ರೆ ಈ ಕೆಲಸ ನಿನಗೆ ಅಲ್ಲ ಅಂತ ಇಬ್ಬರಿಗೂ ಗೊತ್ತಾಗುತ್ತೆ."

ಮೂರು ವಾರದಿಂದ ಏನೆಲ್ಲ ಮಾಡಿ ನೋಡಿದೆ. ಬೇರೆ ಪಾತ್ರ ಕೊಟ್ಟೆ, ಬೇಡ ಎಂದಳು. ಮುದ್ದು ಮಾಡಿದೆ, ನನಗೆ ದಂಡ ಹಾಕಿದಳು. ನಿನ್ನೆ ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಬಟಾಣಿಯಾಗಿ ಎಷ್ಟು ಸಲ ಕೇಳಿದ್ದಳೋ ಏನೋ, ಯಾರೂ ಏನೂ ಹೇಳಿರಲಿಲ್ಲ. ಜಡ್ಜ್ ಆಗಿ ಕೇಳಿದಳು, ಹೇಳಿಬಿಟ್ಟರು. ಮತ್ತೆ ಬಟಾಣಿ ಆಗು ಎಂದರೆ ಅವಳಿಗೇನು ಹುಚ್ಚೇ?

ಹೀಗೆ ಬರೆಯುವಾಗ ನನ್ನದೂ ಅದೇ ಕಥೆ ಎನಿಸುತ್ತಿದೆ. ನೀವು ನನಗೆ ಹೇಳಿದ್ದೆಲ್ಲ ಅಮ್ಮನಿಗೆ ಹೇಳಬೇಕಾದದ್ದು. ಅಮ್ಮ ಹೇಳಿದ್ದೆಲ್ಲ ನಿಮಗೆ. ನನಗೇ ಅಂತ ಯಾರು ಏನು ಹೇಳಿದರು ಎಂದು ನೆನಪು ಮಾಡಿಕೊಂಡೆ. ಜ್ವರ ಬಂದಾಗ ಬಿಟ್ಟರೆ ಹೆಚ್ಚೇನೂ ಸಿಗಲಿಲ್ಲ. ನನಗೆ ಅದು ಬೇಜಾರಾಗಿದೆ, ಅಪ್ಪ. ಇಷ್ಟು ವರ್ಷ ಆಗಿರಲಿಲ್ಲ, ಈಗ ಆಗಿದೆ.

ಮಗಳು

*

ಆಗಸ್ಟ್ 19

ಅಪ್ಪ,

ನಿಮ್ಮ ಉತ್ತರ ಬರಲಿಲ್ಲ. ಅಂಚೆಯವನನ್ನು ದಿನಾ ಕೇಳಿ ಅವನಿಗೂ ಸಾಕಾಗಿದೆ, ನನ್ನನ್ನು ಕಂಡರೆ ದೂರದಿಂದಲೇ ಕೈಯಾಡಿಸುತ್ತಾನೆ.

ಬಟಾಣಿ ಕಳಚಿದಳು. ಹೇಗೆಂದು ಹೇಳುತ್ತೇನೆ.

ಮೊನ್ನೆ ಎಲ್ಲರೂ ಹೋದ ಮೇಲೆ ಅವಳ ಮುಂದೆ ನೆಲದ ಮೇಲೆ ಕೂತೆ. "ಜಡ್ಜ್ ಸಾಹೇಬರೇ, ನನ್ನದೊಂದು ದೂರಿದೆ" ಎಂದೆ. "ಯಾರ ಮೇಲೆ?" ಎಂದಳು. ನಮ್ಮ ಮನೆಯ ವಿಷಯ ಹೇಳಿದೆ. ನಾಟಕ ಮಾಡಲಿಲ್ಲ, ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಊಟದ ಮೇಜು, ನೀವು, ಅಮ್ಮ, ನಡುವೆ ನಾನು. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಕೊನೆಗೆ "ನೀವು ಹೇಳಲ್ಲ ಅಂತ ಅಂದ್ರೆ ಏನಾಗುತ್ತೆ?" ಎಂದಳು. ಗೊತ್ತಿಲ್ಲ ಎಂದೆ. ಅವಳಿಗೆ ಅದು ಹಿಡಿಸಿರಬೇಕು.

"ಈಗ ನಿಮ್ಮ ಸರದಿ" ಎಂದೆ. "ಜಡ್ಜ್‌ಗೆ ದೂರು ಕೊಡೋಕೆ ಆಗಲ್ಲ" ಎಂದಳು. "ಹಾಗಾದ್ರೆ ಶಾಲು ನನಗೆ ಕೊಡು, ನಾನು ಕೇಳ್ತೀನಿ." ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಶಾಲು ತೆಗೆದು, ಮಡಿಸಿ, ಕೊಟ್ಟಳು. ಒಳಗೆ ಬೆವರಿಂದ ಅಂಗಿಯೆಲ್ಲ ಒದ್ದೆಯಾಗಿತ್ತು. ನಾನು ಬಂಡಲಿನ ಮೇಲೆ ಕೂತು "ಏನು ನಿನ್ನ ದೂರು?" ಎಂದೆ. ಅವಳು ತೀರಾ ಸಣ್ಣ ದನಿಯಲ್ಲಿ ಕೇಳಿದಳು: "ಶನಿವಾರ ಕ್ಲಾಸ್ ಬಿಟ್ಟಾಗ ನನ್ನ ಯಾರು ಕರ್ಕೊಂಡು ಹೋಗೋದು?"

ಇಷ್ಟೇ. ಅವಳ ಅಪ್ಪ ಅಮ್ಮ ಯಾಕೆ ಬೇರೆಯಾಗುತ್ತಿದ್ದಾರೆ, ಯಾರದು ತಪ್ಪು, ಯಾವುದೂ ಅಲ್ಲ. ಶನಿವಾರ ಬರುತ್ತಿದ್ದದ್ದು ಅವಳ ಅಪ್ಪ. ಮನೆ ಬಿಟ್ಟ ಮೇಲೆ ಬರುತ್ತಾರೋ ಇಲ್ಲವೋ ಎಂದು ಒಬ್ಬರೂ ಹೇಳಿರಲಿಲ್ಲ. ತಾಯಿ ಬಾಗಿಲ ಹೊರಗೆ ಕಾಯುತ್ತಿದ್ದರು. ಕರೆದೆ. ಅವರು ಮಗಳ ಎದುರು ಮೊಣಕಾಲೂರಿ ಕೂತು "ಅಪ್ಪನೇ ಬರ್ತಾರೆ. ಮಾತಾಡಿದ್ದೀವಿ. ನಿನಗೆ ಹೇಳೋದು ಮರೆತೆ ಕಂದಾ" ಎಂದರು. ಬಟಾಣಿ ಒಂದು ಸಲ ನನ್ನನ್ನು ನೋಡಿ, ಬಾಗಿಲ ಬಳಿ ಹೋಗಿ, ಹೇಳಬೇಕಾದದ್ದನ್ನು ಗಡಿಬಿಡಿಯಲ್ಲಿ ಹೇಳಿ ಚಪ್ಪಲಿ ಹಾಕಿಕೊಂಡಳು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ದೊಡ್ಡ ಟೀಚರ್ ಎಲ್ಲಿಂದ ನೋಡುತ್ತಿದ್ದರೋ, ಸಂಜೆ "ನಾಳೆ ಬೇಗ ಬಾ, ಬಂಡಲು ಸರಿಸ್ಬೇಕು" ಎಂದರು. ಅಂದರೆ ಉಳಿಸಿಕೊಂಡಿದ್ದಾರೆ ಎಂದು ಅರ್ಥವಂತೆ, ಕಸ ಗುಡಿಸುವ ಅಕ್ಕ ಹೇಳಿದಳು.

ಈಗ ನನ್ನ ವಿಷಯ. ಈ ಕವರಿನ ಮೇಲೆ ನಿಮ್ಮ ಹೆಸರೊಂದೇ ಇದೆ, ನೋಡಿರಬಹುದು. ಒಳಗೆ ಅಮ್ಮನ ಹಾಳೆ ಇಲ್ಲ. ಇನ್ನು ಮೇಲೆ ನಾನು ಇಬ್ಬರ ನಡುವೆ ಏನನ್ನೂ ಒಯ್ಯುವುದಿಲ್ಲ. ನಿಮಗೆ ಬರೆಯುವುದು ನಿಮಗೆ. ಅಮ್ಮನಿಗೆ ಅವಳ ಟೈಪಿಂಗ್ ಶಾಲೆಯ ವಿಳಾಸಕ್ಕೆ ಬೇರೆ ಬರೆಯುತ್ತೇನೆ. ಸಿಟ್ಟಿದ್ದರೆ ಅವಳೇ ನನಗೆ ಹೇಳಲಿ.

ಮಗಳು

*

ಆಗಸ್ಟ್ 27

ಪುಟ್ಟಿ,

ಟೈಪಿಂಗ್ ಶಾಲೆಗೆ ಬರೆಯಬೇಡ. ಅವಳು ಅಲ್ಲಿಲ್ಲ.

ನೀನು ಹೋದ ಮುಂದಿನ ಭಾನುವಾರ ಅವಳೂ ಹೋದಳು. ಬೇರೆ ಊರಿನ ಟೈಪಿಂಗ್ ಶಾಲೆಯಲ್ಲಿ ಮುಖ್ಯಸ್ಥೆಯ ಕೆಲಸ ಸಿಕ್ಕಿದೆ. ಹಗಲಿನಲ್ಲಿ ಹೋದಳು, ಆಟೋ ಕರೆಸಿ, ಎರಡು ಪೆಟ್ಟಿಗೆ ಇಟ್ಟುಕೊಂಡು. ನಾನು ಅಂಗಡಿಯಲ್ಲಿ ಒಬ್ಬರ ಕಣ್ಣು ನೋಡುತ್ತಿದ್ದೆ. ಸಂಜೆ ಟೈಲರ್ ಬಂದು "ಅಮ್ಮಾವ್ರು ಹೇಳಿ ಹೋಗಿದ್ದಾರೆ. ಮಗಳ ವಿಳಾಸ ಬಂದ್ರೆ ಕಳಿಸಬೇಕಂತೆ" ಎಂದ. ನಾನು ಕಳಿಸಲಿಲ್ಲ. ನಾನು ನಿನಗೆ ತಿಳಿಸಿರುತ್ತೇನೆ ಎಂದುಕೊಂಡು, ನೀನು ಬರೆಯದೆ ಇರುವುದು ನೋಡಿ, ತಾನು ಮನೆ ಬಿಟ್ಟದ್ದು ನಿನಗೆ ಹಿಡಿಸಿಲ್ಲ ಎಂದು ಅವಳು ತಿಳಿದುಕೊಂಡಿದ್ದಾಳಂತೆ. ಅದಕ್ಕೇ ಅವಳೂ ಬರೆದಿಲ್ಲ. ಇದೂ ಟೈಲರ್ ಹೇಳಿದ್ದು. ಅವನಿಗೆ ಅವನ ತಂಗಿ ಆ ಊರಿಂದ ಬರೆಯುತ್ತಾಳೆ.

ನಿನಗೆ ತಿಳಿಸಿದರೆ ಎಲ್ಲ ಬಿಟ್ಟು ಓಡಿ ಬರುತ್ತೀಯ ಎಂದು ತಿಳಿಸಲಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿನ್ನ ಹೋದ ಪತ್ರ ಓದಿದ ಮೇಲೆ ಹಾಗೆ ಬರೆಯಲು ಆಗುತ್ತಿಲ್ಲ. ನಿನ್ನ ಕವರುಗಳ ಮೇಲೆ ನಮ್ಮಿಬ್ಬರ ಹೆಸರೂ ಒಟ್ಟಿಗೆ ಇರುತ್ತಿತ್ತು. ಬೇರೆಲ್ಲೂ ಇರಲಿಲ್ಲ. ಅದು ಬರುತ್ತಿರಲಿ ಎನಿಸಿತು.

ಮೂರು ಹಾಳೆಯೂ ಅವಳ ಮೇಜಿನ ಮೇಲಿವೆ. ಬಿಚ್ಚಿಲ್ಲ. ವಿಳಾಸ ಕೆಳಗೆ ಬರೆದಿದ್ದೇನೆ. ಹಾಳೆಗಳನ್ನು ಅಂಚೆಗೆ ಹಾಕಲೇ? ನಿನ್ನ ಉತ್ತರ ನೋಡಿ ಹಾಕುತ್ತೇನೆ.

ಅಪ್ಪ

*

ಸೆಪ್ಟೆಂಬರ್ 1

ಅಪ್ಪ,

ಎರಡು ಸಲ ಬರೆದು ಹರಿದೆ. ಹರಿದದ್ದರಲ್ಲಿ ಏನಿತ್ತು ಎಂದು ನಿಮಗೆ ಊಹೆಯಾಗಬಹುದು. ಬೇಸಿಗೆಯಿಂದ ಅಮ್ಮನಿಗೆ ಸಿಟ್ಟು ಎಂದು ನಾನು, ನನಗೆ ಸಿಟ್ಟು ಎಂದು ಅಮ್ಮ, ಇಲ್ಲದ್ದನ್ನು ಇದೆ ಎಂದುಕೊಂಡು ಕೂತಿದ್ದೆವು. ಇದನ್ನು ನಾನು ಬೇಗ ಮರೆಯುವುದಿಲ್ಲ.

ಅಮ್ಮನಿಗೆ ಇವತ್ತು ನಾನೇ ಬರೆಯುತ್ತಿದ್ದೇನೆ. ಆದರೆ ಆ ಮೂರು ಹಾಳೆಗಳನ್ನು ಅಂಚೆಗೆ ಹಾಕಬೇಡಿ. ಟೈಲರ್ ಕೈಗೂ ಕೊಡಬೇಡಿ. ನಿಮ್ಮ ಕೈಯಲ್ಲಿ ಉಳಿದದ್ದು, ನೀವೇ ತೆಗೆದುಕೊಂಡು ಹೋಗಿ ಕೊಡಿ. ಅಂಗಡಿ ಒಂದು ದಿನ ಮುಚ್ಚಿದರೆ ಊರಿನ ಕಣ್ಣು ಹೋಗುವುದಿಲ್ಲ.

ಮಗಳು

*

ಸೆಪ್ಟೆಂಬರ್ 14

ಪುಟ್ಟಿ,

ಹೋಗಿ ಬಂದೆ.

ಅವಳ ಹೊಸ ಟೈಪಿಂಗ್ ಶಾಲೆ ಒಂದು ಔಷಧಿ ಅಂಗಡಿಯ ಮೇಲಿದೆ. ಮೆಟ್ಟಿಲು ಹತ್ತುವಾಗಲೇ ಮಷೀನುಗಳ ಸದ್ದು. ಹೊರಗಿನ ಬೆಂಚಿನಲ್ಲಿ ಹುಡುಗ ಹುಡುಗಿಯರ ಜೊತೆ ಕೂತೆ. ಒಬ್ಬಳು "ನೀವೂ ಸೇರೋಕೆ ಬಂದಿದ್ದೀರಾ ಅಂಕಲ್?" ಎಂದಳು. ನಿನ್ನ ಅಮ್ಮ ಬಾಗಿಲಿಗೆ ಬಂದು ನನ್ನನ್ನು ನೋಡಿದಳು. "ಕೂತಿರಿ, ಕ್ಲಾಸು ಇನ್ನೇನು ಮುಗಿಯುತ್ತೆ" ಎಂದಳು. ಯಾರಿಗೆ ಹೇಳಿದಳು ಎಂದು ನಾನು ಹಿಂದೆ ತಿರುಗಿ ನೋಡಿದೆ. ಗೋಡೆ ಇತ್ತು.

ಹಾಳೆಗಳನ್ನು ಕೊಟ್ಟೆ. ನನ್ನ ಎದುರಿಗೇ ಮೂರನ್ನೂ ಓದಿದಳು. ಒಂದು ಕಡೆ ನಕ್ಕಳು, ಒಂದು ಕಡೆ ಎದ್ದು ಕಿಟಕಿಯ ಬಳಿ ಹೋಗಿ ಓದಿದಳು. ನಿನ್ನ ಹೊಸ ಪತ್ರ ಮೊದಲೇ ಬಂದಿತ್ತು, ಅದಕ್ಕೆ ಉತ್ತರ ಬರೆದು ಹಾಕಿದ್ದಾಳೆ. ಇಷ್ಟರಲ್ಲಿ ನಿನಗೆ ಸಿಕ್ಕಿರಬಹುದು.

ನನಗೆ ಮಾತು ಶುರು ಮಾಡಲು ಬರಲಿಲ್ಲ. "ಪುಟ್ಟಿ ಹೇಳಿದಳು" ಎಂದೆ. ಮತ್ತೆ "ಪುಟ್ಟಿ ಬರೆದಿದ್ದಾಳೆ" ಎಂದೆ. ಅವಳು ತಡೆದಳು. "ಅವಳು ಹೇಳಿದ್ದು ಇದರಲ್ಲಿದೆ, ಓದಿದೆ. ನೀವು ಹೇಳಿ" ಎಂದಳು. ಕೆಳಗೆ ಔಷಧಿ ಅಂಗಡಿಯವನು ಶಟರ್ ಎಳೆದು ಊಟಕ್ಕೆ ಹೋದ. ಆಮೇಲೆ ಹೇಳಿದೆ. ಮಧ್ಯೆ ಅವಳು ಒಂದು ವಿಷಯವನ್ನು ತಪ್ಪಾಗಿ ಹೇಳಿದಳು, ನಾನು ತಿದ್ದಲಿಲ್ಲ. ಕೈ ಕೈ ಹಿಸುಕಿಕೊಂಡು ಕೂತೆ.

ವಾಪಸು ಬರುತ್ತೀಯಾ ಎಂದು ನಾನೇ ಕೇಳಿದೆ. ಇಲ್ಲ ಎಂದು ಅವಳೇ ಹೇಳಿದಳು. ಇದು ನಿನಗೆ ತಿಳಿದಿರಬೇಕು, ಅದಕ್ಕೆ ಬರೆದೆ.

ಆಮೇಲೆ ಚಹಾ ತರಿಸಿದಳು. ನನ್ನ ಕೊನೆಯ ಬಸ್ಸಿನವರೆಗೂ ಮಾತಾಡಿದಳು. ಏನು ಹೇಳಿದಳು ಎಂದು ನೀನು ಖಂಡಿತ ಕೇಳುತ್ತೀಯ. ಬರೆಯುವುದಿಲ್ಲ. ಅದು ನನಗೆ ಹೇಳಿದ್ದು.

ಅಪ್ಪ